ಹತ್ತು ವರ್ಷ ಸ್ಟೀಮ್, ಏಳು ವರ್ಷ ಗಾಗ್: ಪಿಸಿ ಗೇಮ್ ಸ್ಟೋರ್‌ಗಳ ಬಗ್ಗೆ ನನ್ನ ಅನುಭವ

ಅಕ್ಕನ ಮಗಳು ಪಿಯುಸಿಗೆ ಸೇರಿದಾಗ ಅವಳಿಗೊಂದು ಲ್ಯಾಪ್‌ಟಾಪ್ ಕೊಡಿಸಿದೆವು. ಓದೋಕೆ, ಜೊತೆಗೆ ಒಂದಿಷ್ಟು ಆಟ ಆಡೋಕೆ. ತಂದ ದಿನ ಸಂಜೆಯೇ ಫೋನ್ ಬಂತು. "ಮಾವಾ, ಸ್ಟೀಮ್ ಹಾಕ್ಕೊಳ್ಳೋಕೆ ಬಿಡ್ತಾನೇ ಇಲ್ಲ. ಸ್ಟೋರ್‌ನಲ್ಲಿ ಇರೋದನ್ನ ಮಾತ್ರ ಹಾಕ್ಕೋಬೇಕಂತೆ."

ವಿಡಿಯೋ ಕಾಲ್‌ನಲ್ಲಿ ನೋಡಿದೆ. ವಿಂಡೋಸ್ 'ಎಸ್ ಮೋಡ್'ನಲ್ಲಿತ್ತು. ಈ ಮೋಡ್‌ನಲ್ಲಿ ಮೈಕ್ರೋಸಾಫ್ಟ್ ಸ್ಟೋರ್‌ನಿಂದ ಬಂದದ್ದು ಬಿಟ್ಟು ಬೇರೇನೂ ಇನ್‌ಸ್ಟಾಲ್ ಆಗುವುದಿಲ್ಲ. ಮಾರಿದ ಅಂಗಡಿಯವರು ಇದರ ಬಗ್ಗೆ ಒಂದು ಮಾತೂ ಹೇಳಿರಲಿಲ್ಲ. ಇದರಿಂದ ಆಚೆ ಬರೋಕೆ ದುಡ್ಡು ಬೇಕಿಲ್ಲ. ಸೆಟ್ಟಿಂಗ್ಸ್‌ನ ಆಕ್ಟಿವೇಶನ್ ಪುಟದಿಂದ ಸ್ಟೋರ್‌ಗೆ ಹೋಗಿ ಒಂದು ಬಟನ್ ಒತ್ತಿದರೆ ಸಾಕು. ಒಮ್ಮೆ ಆಚೆ ಬಂದ ಮೇಲೆ ವಾಪಸ್ ಹೋಗೋಕೆ ಆಗಲ್ಲ, ಅಷ್ಟೆ. ಐದು ನಿಮಿಷದಲ್ಲಿ ಅವಳ ಕೆಲಸ ಆಯಿತು. ನನಗೆ ಮಾತ್ರ ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಆ ಬಟನ್ ಇಲ್ಲದೇ ಇದ್ದಿದ್ದರೆ ಏನು ಮಾಡಬೇಕಿತ್ತು? 2012ರಲ್ಲಿ ಬಂದ ವಿಂಡೋಸ್ ಆರ್‌ಟಿಯಲ್ಲಿ ಅಂಥ ಬಟನ್ ಇರಲೇ ಇಲ್ಲ. ನೋಡೋಕೆ ವಿಂಡೋಸ್, ಆದರೆ ಆಪ್ ಬೇಕೆಂದರೆ ಒಂದೇ ಅಂಗಡಿ.

ಅದಕ್ಕೇ ಪಿಸಿ ಆಟ ಮಾರುವ ಸ್ಟೀಮ್, ಗಾಗ್ ಸ್ಟೋರ್‌ಗಳ ಈ ವಿಮರ್ಶೆ ಬರೆಯುತ್ತಿದ್ದೇನೆ. ಯಾವ ಸ್ಟೋರ್‌ನಲ್ಲಿ ಸೇಲ್ ಚೆನ್ನಾಗಿರುತ್ತೆ ಅನ್ನೋದು ಎಲ್ಲರಿಗೂ ಗೊತ್ತಿದೆ. ಈ ಸ್ಟೋರ್‌ಗಳು ನಮ್ಮ ಕೈಯಲ್ಲಿ ಏನು ಬಿಡುತ್ತವೆ, ಏನು ಬಿಡುವುದಿಲ್ಲ ಅನ್ನೋದನ್ನು ಇಷ್ಟು ವರ್ಷ ಬಳಸಿದವನಾಗಿ ಹೇಳಬೇಕು ಅನ್ನಿಸಿತು.

ನಾನು ಸ್ಟೀಮ್ ಖಾತೆ ತೆರೆದದ್ದು 2015ರ ಕೊನೆಯಲ್ಲಿ. ಆಗಷ್ಟೇ ಅಲ್ಲಿ ರೂಪಾಯಿ ಬೆಲೆ ಶುರುವಾಗಿತ್ತು. ಅದಕ್ಕೆ ಮೊದಲು ಎಲ್ಲ ಡಾಲರ್ ಲೆಕ್ಕ. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಬೋರ್ಡು, ರ್‍ಯಾಮು, ಕ್ಯಾಬಿನೆಟ್ಟು ಅಂತ ಬಿಡಿ ಬಿಡಿಯಾಗಿ ಕೊಂಡು ಜೋಡಿಸಿದ ಪಿಸಿ ನನ್ನದು. ಆಮೇಲೆ ಗ್ರಾಫಿಕ್ಸ್ ಕಾರ್ಡ್ ಎರಡು ಸಲ ಬದಲಾಗಿದೆ. ಖಾತೆ ಅದೇ ಇದೆ, ಕೊಂಡ ಆಟಗಳೂ ಇವೆ.

ಸ್ಟೀಮ್‌ನಲ್ಲಿ ನನಗೆ ತುಂಬಾ ಇಷ್ಟವಾದದ್ದು ಹಣ ವಾಪಸ್ ಮಾಡುವ ರೀತಿ. ಕೊಂಡು 14 ದಿನದ ಒಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಕಾರಣ ಏನೇ ಇದ್ದರೂ ವಾಪಸ್ ಕೊಡುತ್ತಾರೆ. ಒಂದು ರೇಸಿಂಗ್ ಆಟ ನನ್ನ ಪಿಸಿಯಲ್ಲಿ ತಡವರಿಸಿ ತಡವರಿಸಿ ಓಡುತ್ತಿತ್ತು. ವಾಪಸ್ ಕೇಳಿದೆ, ದುಡ್ಡು ಬಂತು. ಯಾರಿಗೂ ವಿವರಣೆ ಕೊಡಬೇಕಾಗಲಿಲ್ಲ. ಸೇವ್ ಮಾಡಿದ್ದು ಕ್ಲೌಡ್‌ನಲ್ಲಿ ಇರುವುದು, ಕಂಟ್ರೋಲರ್ ಯಾವುದಾದರೂ ನಡೆಯುವುದು, ಇವೆಲ್ಲ ಅಭ್ಯಾಸವಾಗಿಬಿಟ್ಟಿವೆ.

ಆದರೆ ಸ್ಟೀಮ್ ಇಷ್ಟು ಚೆನ್ನಾಗಿರೋಕೆ ದೊಡ್ಡ ಕಾರಣ ಅದು ಚೆನ್ನಾಗಿರಲೇಬೇಕು ಅನ್ನೋದು. ನನಗೆ ಬೇಡ ಅನ್ನಿಸಿದರೆ ಇದೇ ಪಿಸಿಯಲ್ಲಿ ಬೇರೆ ಕಡೆ ಹೋಗಬಹುದು. ಒಂದು ಉದಾಹರಣೆ ಕೊಡುತ್ತೇನೆ. ಸ್ಟೀಮ್ ಬಹಳ ಕಾಲ ಪ್ರತಿ ಮಾರಾಟದಲ್ಲೂ ಶೇ. 30 ಪಾಲು ತೆಗೆದುಕೊಳ್ಳುತ್ತಿತ್ತು. 2018ರ ನವೆಂಬರ್ ಕೊನೆಯಲ್ಲಿ ನಿಯಮ ಬದಲಾಯಿತು. ಒಂದು ಆಟದ ಗಳಿಕೆ ಒಂದು ಕೋಟಿ ಡಾಲರ್ ದಾಟಿದರೆ ಅದರಾಚೆಗಿನ ಮೊತ್ತಕ್ಕೆ ಶೇ. 25, ಐದು ಕೋಟಿ ದಾಟಿದರೆ ಶೇ. 20. ಅದಾಗಿ ಒಂದು ವಾರದೊಳಗೆ ಎಪಿಕ್ ಅನ್ನೋ ಆಟದ ಕಂಪನಿ ತನ್ನ ಸ್ಟೋರ್ ತೆರೆದು ಶೇ. 12 ಸಾಕು ಎಂದಿತು. 2021ರ ಆಗಸ್ಟ್‌ನಿಂದ ಮೈಕ್ರೋಸಾಫ್ಟ್ ಕೂಡ ಪಿಸಿ ಆಟಗಳಿಗೆ ಶೇ. 12ಕ್ಕೇ ಇಳಿಯಿತು. ಚಿಕ್ಕ ತಂಡಗಳಿಗೆ ಸ್ಟೀಮ್ ಇವತ್ತಿಗೂ 30ನ್ನೇ ಹಿಡಿಯುತ್ತದೆ. ಅದು ನನಗೆ ಸರಿ ಕಾಣುವುದಿಲ್ಲ. ಆದರೂ ಪಕ್ಕದಲ್ಲಿ ಇನ್ನೊಂದು ಅಂಗಡಿ ಬಾಗಿಲು ತೆಗೆದರೆ ಬೆಲೆ ಅಲುಗಾಡುತ್ತದೆ, ಅಲ್ವಾ? ಐಫೋನಿನಲ್ಲಿ ಹೀಗೆ ಆಗೋಕೆ ಕೋರ್ಟು ಕಾನೂನು ಬೇಕಾಯಿತು. 2020ರ ಆಗಸ್ಟ್‌ನಲ್ಲಿ ಎಪಿಕ್ ತನ್ನ ಫೋರ್ಟ್‌ನೈಟ್ ಆಟದೊಳಗೆ ನೇರವಾಗಿ ಹಣ ಕಟ್ಟುವ ದಾರಿ ಇಟ್ಟಿತು. ಅವತ್ತೇ ಆಪಲ್ ಆ ಆಟವನ್ನು ಆಪ್ ಸ್ಟೋರ್‌ನಿಂದ ತೆಗೆಯಿತು. ಐಫೋನ್ ಇದ್ದವರು ಹೊಸದಾಗಿ ಇಳಿಸಿಕೊಳ್ಳೋಕೆ ಬೇರೆ ಅಂಗಡಿಯೇ ಇರಲಿಲ್ಲ. ಪಿಸಿಯಲ್ಲಿ ಅದೇ ಆಟ ಆರಾಮಾಗಿ ನಡೆಯುತ್ತಿತ್ತು.

ಪಿಸಿಯೂ ಆ ದಾರಿ ಹಿಡಿಯುತ್ತದೆ ಅನ್ನೋ ಭಯ ಇವತ್ತಿನದಲ್ಲ. 2012ರಲ್ಲಿ ವಿಂಡೋಸ್ 8 ತನ್ನದೇ ಸ್ಟೋರ್ ಜೊತೆ ಬರುವ ಮೊದಲೇ, ಸ್ಟೀಮ್ ನಡೆಸುವ ವಾಲ್ವ್ ಕಂಪನಿಯ ಗೇಬ್ ನ್ಯೂವೆಲ್ ಅದು ಪಿಸಿ ಲೋಕದ ಎಲ್ಲರಿಗೂ ಅನಾಹುತ ಎಂದಿದ್ದರು. ಅವರ ವ್ಯಾಪಾರಕ್ಕೆ ಏಟು ಬೀಳುತ್ತಿತ್ತು, ಹಾಗಾಗಿ ಹೇಳಿದರು ಅನ್ನಬಹುದು. ಆದರೆ ಸುಮ್ನೆ ಹೇಳಿ ಕೂತುಕೊಳ್ಳಲಿಲ್ಲ. 2013ರಲ್ಲಿ, ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಉಚಿತ ಲಿನಕ್ಸ್‌ಗೆ ಸ್ಟೀಮ್ ತಂದರು. 2015ರಲ್ಲಿ ಸ್ಟೀಮ್ ಮಷೀನ್ ಅಂತ ಆಟದ ಪಿಸಿ ತಂದದ್ದು ಓಡಲಿಲ್ಲ. 2018ರಲ್ಲಿ ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಪ್ರೋಟಾನ್ ಬಂತು.

2016ರ ಮಾರ್ಚ್‌ನಲ್ಲಿ ಎಪಿಕ್‌ನ ಮುಖ್ಯಸ್ಥ ಟಿಮ್ ಸ್ವೀನಿ ಪತ್ರಿಕೆಯಲ್ಲಿ ಬರೆದದ್ದೂ ಇದೇ ಮಾತು. ಮೈಕ್ರೋಸಾಫ್ಟ್‌ನ ಹೊಸ ಯುಡಬ್ಲ್ಯೂಪಿ ಅನ್ನೋ ಆಪ್ ಪದ್ಧತಿ ವಿಂಡೋಸ್ ಒಳಗೇ ಮುಚ್ಚಿದ ಕೋಣೆ ಕಟ್ಟುತ್ತಿದೆ ಅಂತ. ಆ ಹೊತ್ತಿನಲ್ಲಿ ಸ್ಟೋರ್‌ನಲ್ಲಿ ಬಂದ ದೊಡ್ಡ ಆಟಗಳಲ್ಲಿ ಫ್ರೇಮ್‌ಗಳನ್ನು ಪರದೆಯ ವೇಗಕ್ಕೆ ಕಟ್ಟಿಹಾಕುವ ವಿ-ಸಿಂಕ್ ತೆಗೆಯೋಕೆ ಆಗುತ್ತಿರಲಿಲ್ಲ, ಫ್ರೇಮ್ ರೇಟ್ ತೋರಿಸುವ ಓವರ್‌ಲೇಗಳು ಕೆಲಸ ಮಾಡುತ್ತಿರಲಿಲ್ಲ, ಫೈಲ್‌ಗಳು ಬೀಗ ಹಾಕಿದ ಫೋಲ್ಡರ್‌ನಲ್ಲಿ ಇರುತ್ತಿದ್ದವು. ಜನ ಒಪ್ಪಲಿಲ್ಲ. ಕೆಲವೇ ತಿಂಗಳಲ್ಲಿ ವಿ-ಸಿಂಕ್ ಬಂಧನ ಸಡಿಲವಾಯಿತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಹೆಸರಾಂತ ಹೇಲೋ ಆಟವನ್ನೇ ಸ್ಟೀಮ್‌ಗೆ ತಂದಿತು. ಆಗ ಜನರಿಗೆ ಬೇರೆ ಸ್ಟೋರ್‌ಗೆ ಹೋಗುವ ದಾರಿ ಇತ್ತು, ಅದಕ್ಕೇ ಕಂಪನಿ ಬಗ್ಗಿತು ಅಂತ ನನ್ನ ನಂಬಿಕೆ.

ಫೋಲ್ಡರ್ ತೆರೆದಿದ್ದರೆ ಏನಾಗುತ್ತೆ ಅಂತ ಕೇಳಬಹುದು. ಕಳೆದ ದಸರಾ ರಜೆಯಲ್ಲಿ ಅಕ್ಕನ ಮಗಳು ಸಾಗರಕ್ಕೆ, ನಮ್ಮ ಮನೆಗೆ ಬಂದಿದ್ದಳು. ಅವಳಿಗೆ ಸ್ಟಾರ್‌ಡ್ಯೂ ವ್ಯಾಲಿ ಅಂದರೆ ಪ್ರಾಣ. ಎರಿಕ್ ಬರೋನ್ ಅನ್ನೋ ಒಬ್ಬರೇ ಕೂತು ವರ್ಷಗಟ್ಟಲೆ ದುಡಿದು ಮಾಡಿ 2016ರಲ್ಲಿ ಬಿಟ್ಟ ಆಟ. ಊರಿನ ಹೊಲಕ್ಕೆ ಬಂದು ಬೆಳೆ ಬೆಳೆಯೋದು, ಕೋಳಿ ಸಾಕೋದು. "ಇದರಲ್ಲಿ ತರಕಾರಿ ಹೆಸರು ಕನ್ನಡದಲ್ಲಿ ಬರುವ ಹಾಗೆ ಮಾಡೋಕೆ ಆಗಲ್ವಾ ಮಾವ?" ಅಂದಳು. ಮಾಡೋಣ ಅಂದೆ.

ಸ್ಮಾಪಿ ಅನ್ನೋ ಉಚಿತ ತಂತ್ರಾಂಶ, ಅದರ ಜೊತೆ ಕಂಟೆಂಟ್ ಪ್ಯಾಚರ್ ಅನ್ನೋ ಮಾಡ್ ಹಾಕಿದೆವು. ಮಾಡ್ ಅಂದರೆ ಆಡುವವರೇ ಆಟಕ್ಕೆ ಮಾಡಿಕೊಳ್ಳುವ ಬದಲಾವಣೆ. ಆಟದ ಜೊತೆ ಒಂದು ಕಪ್ಪು ಕಿಟಕಿ ತೆರೆದುಕೊಂಡು, ಯಾವ ಯಾವ ಮಾಡ್ ಲೋಡ್ ಆಯಿತು ಅಂತ ಸಾಲು ಸಾಲಾಗಿ ತೋರಿಸುತ್ತದೆ. ಮಾಡ್ಸ್ ಫೋಲ್ಡರ್‌ನಲ್ಲಿ ನಮ್ಮದೇ ಒಂದು ಪುಟ್ಟ ಫೋಲ್ಡರ್ ಮಾಡಿ, ಅದರೊಳಗೆ ನೋಟ್‌ಪ್ಯಾಡ್‌ನಲ್ಲಿ ಬರೆದ ಎರಡು ಪುಟ್ಟ ಫೈಲ್ ಇಟ್ಟೆವು. ರ್‍ಯಾಡಿಶ್ ಇದ್ದಲ್ಲಿ ಮೂಲಂಗಿ. ಎಗ್‌ಪ್ಲ್ಯಾಂಟ್ ಇದ್ದಲ್ಲಿ ಬದನೆಕಾಯಿ. ಗ್ರೀನ್ ಬೀನ್ ಹುರುಳಿಕಾಯಿ ಆಯಿತು, ಗಾರ್ಲಿಕ್ ಬೆಳ್ಳುಳ್ಳಿ. ಆಟದ ಫಾಂಟ್‌ನಲ್ಲಿ ಕನ್ನಡ ಅಕ್ಷರ ಇಲ್ಲ, ಹಾಗಾಗಿ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಹೆಸರು ಬರೆದೆವು. ಮೊದಲ ಸಲ ಕಪ್ಪು ಕಿಟಕಿಯಲ್ಲಿ ಕೆಂಪು ಸಾಲು ಬಂತು. ಎಲ್ಲೋ ಒಂದು ಅಲ್ಪವಿರಾಮ ಬಿಟ್ಟಿದ್ದೆವು. ಅವಳೇ ಹುಡುಕಿ ಹಾಕಿದಳು. ಎರಡನೇ ಸಲ ಆಟ ತೆರೆದು ಬುಟ್ಟಿಯ ಮೇಲೆ ಮೌಸ್ ಇಟ್ಟಾಗ 'ಮೂಲಂಗಿ' ಅಂತ ಬಂತು ನೋಡಿ, ಮನೆಯೆಲ್ಲ ಕೇಳುವ ಹಾಗೆ ಕೂಗಿದಳು.

ಇದಕ್ಕೆ ಯಾರನ್ನೂ ಒಪ್ಪಿಗೆ ಕೇಳಬೇಕಾಗಲಿಲ್ಲ. ಅದೇ ಆಟ ಐಫೋನಿನಲ್ಲೂ ಇದೆ, ಅಚ್ಚುಕಟ್ಟಾಗಿಯೇ ಇದೆ. ಆದರೆ ಅಲ್ಲಿ ತೆರೆದು ಫೈಲ್ ಹಾಕೋಕೆ ಇಂಥ ಫೋಲ್ಡರ್ ಬಳಕೆದಾರನ ಕೈಗೆ ಸಿಗುವುದಿಲ್ಲ.

ಇದನ್ನು ಮಕ್ಕಳಾಟ ಅನ್ನಬೇಡಿ. ನಾನು ಕಾಲೇಜಿನಲ್ಲಿ ಇದ್ದಾಗ ಶಿವಮೊಗ್ಗದ ಸೈಬರ್ ಸೆಂಟರ್‌ಗಳಲ್ಲಿ ಎಲ್ಲರೂ ಆಡುತ್ತಿದ್ದ ಕೌಂಟರ್-ಸ್ಟ್ರೈಕ್, ಹಾಫ್-ಲೈಫ್ ಆಟಕ್ಕೆ ಇಬ್ಬರು ಅಭಿಮಾನಿಗಳು ಮಾಡಿದ ಮಾಡ್. ಡೋಟಾ ಶುರುವಾದದ್ದು ವಾರ್‌ಕ್ರಾಫ್ಟ್ 3ರ ಒಂದು ಮ್ಯಾಪ್ ಆಗಿ. ಇನ್ನು ಮನೆಮನೆಯಲ್ಲಿ ಹೆಸರಾದ ಪಬ್‌ಜಿ? ಆರ್ಮಾ 2 ಆಟಕ್ಕೆ ಡೇಝಡ್ ಅನ್ನೋ ಮಾಡ್ ಬಂತು. ಅದರ ಮೇಲೆ ಬ್ರೆಂಡನ್ ಗ್ರೀನ್ ತನ್ನ ಬ್ಯಾಟಲ್ ರಾಯಲ್ ಮಾಡ್ ಮಾಡಿದರು. ಅಲ್ಲಿಂದ 2017ರಲ್ಲಿ ಪಬ್‌ಜಿ ಹುಟ್ಟಿತು. ಆರ್ಮಾದ ಫೈಲ್‌ಗಳಿಗೆ ಬೀಗ ಇದ್ದಿದ್ದರೆ ಈ ಸರಪಳಿ ಮೊದಲ ಕೊಂಡಿಯಲ್ಲೇ ನಿಲ್ಲುತ್ತಿತ್ತು.

ಗಾಗ್ ಬಗ್ಗೆ ಹೇಳಲೇಬೇಕು. 2008ರಲ್ಲಿ ಶುರುವಾದ ಸ್ಟೋರ್ ಇದು. ಇಲ್ಲಿ ಕೊಂಡ ಆಟಕ್ಕೆ ನಕಲು ತಡೆಯುವ ಡಿಜಿಟಲ್ ಬೀಗ, ಅಂದರೆ ಡಿಆರ್‌ಎಂ ಇಲ್ಲ. ಇನ್‌ಸ್ಟಾಲರ್ ಫೈಲನ್ನು ಇಳಿಸಿ ಇಟ್ಟುಕೊಳ್ಳಬಹುದು. ಆಮೇಲೆ ಆಡೋಕೆ ಲಾಗಿನ್ ಬೇಡ, ಆಟ ತೆರೆಯುವ ಬೇರೆ ತಂತ್ರಾಂಶ (ಲಾಂಚರ್) ಬೇಡ. ಮಳೆಗಾಲದಲ್ಲಿ ನಮ್ಮ ಕಡೆ ಮರ ಬಿದ್ದು ಕೇಬಲ್ ಹರಿದರೆ ಇಂಟರ್ನೆಟ್ ಮೂರ್ನಾಲ್ಕು ದಿನ ಇರುವುದಿಲ್ಲ. ಅಂಥ ಒಂದು ವಾರದಲ್ಲಿ, ಒಬ್ಬನೇ ಆಡುವ ಒಂದು ಆಟ ತೆರೆದರೆ ಅದರ ಕಂಪನಿಯ ಲಾಂಚರ್ ಮೊದಲು ಲಾಗಿನ್ ಆಗು ಅಂತ ಕೂತುಬಿಟ್ಟಿತು. ಪೂರ್ತಿ ದುಡ್ಡು ಕೊಟ್ಟು ಕೊಂಡ ಆಟ. ಕರೆಂಟ್ ಇತ್ತು, ಪಿಸಿ ಇತ್ತು, ಆಟ ನನ್ನ ಡಿಸ್ಕ್‌ನಲ್ಲೇ ಇತ್ತು. ಆಡೋಕೆ ಆಗಲಿಲ್ಲ. ಅವತ್ತಿನಿಂದ ಒಬ್ಬನೇ ಆಡುವ ಆಟ ಗಾಗ್‌ನಲ್ಲಿ ಇದ್ದರೆ ಅಲ್ಲೇ ಕೊಳ್ಳುತ್ತೇನೆ. ಹೊಸ ದೊಡ್ಡ ಆಟಗಳು ಅಲ್ಲಿ ಎಲ್ಲವೂ ಬರುವುದಿಲ್ಲ, ಬಂದರೂ ತಡ. ಅದೊಂದೇ ಕೊರತೆ.

ಸ್ಟೀಮ್‌ನ ಕೊರತೆಯನ್ನೂ ಮುಚ್ಚಿಡಬಾರದು. ಅಲ್ಲಿ ನಾವು ಕೊಳ್ಳುವುದು ಆಟವನ್ನಲ್ಲ, ಆಡುವ ಲೈಸೆನ್ಸ್. ಕ್ಯಾಲಿಫೋರ್ನಿಯಾದಲ್ಲಿ ಕಾನೂನು ಬಂದ ಮೇಲೆ, 2024ರ ಅಕ್ಟೋಬರ್‌ನಿಂದ ಹಣ ಕಟ್ಟುವ ಪುಟದಲ್ಲೇ ಆ ಮಾತು ಬರೆದಿರುತ್ತದೆ. ಖಾತೆಯನ್ನು ಇನ್ನೊಬ್ಬರಿಗೆ ವರ್ಗಾಯಿಸೋಕೆ ಒಪ್ಪಂದ ಬಿಡುವುದಿಲ್ಲ. ಅಪ್ಪನ ಪುಸ್ತಕ ಮಗನಿಗೆ ಬರುವ ಹಾಗೆ ಇದು ಬರುವುದಿಲ್ಲ. ಯೂಬಿಸಾಫ್ಟ್ 2014ರ ತನ್ನ ದಿ ಕ್ರೂ ಆಟದ ಸರ್ವರ್‌ಗಳನ್ನು 2024ರ ಮಾರ್ಚ್ 31ಕ್ಕೆ ನಿಲ್ಲಿಸಿದಾಗ, ಕೊಂಡವರ ಕೈಯಲ್ಲಿ ಆಡೋಕೆ ಏನೂ ಉಳಿಯಲಿಲ್ಲ. ಅದರಿಂದಲೇ ಹುಟ್ಟಿದ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಚಳವಳಿಗೆ ಯುರೋಪಿನಲ್ಲಿ 10 ಲಕ್ಷಕ್ಕೂ ಜಾಸ್ತಿ ಜನ ಸಹಿ ಹಾಕಿದರು.

2025ರ ಜುಲೈನಲ್ಲಿ ಇನ್ನೊಂದು ನಡೆಯಿತು. ಕಾರ್ಡ್ ಮತ್ತು ಪಾವತಿ ಕಂಪನಿಗಳ ನಿಯಮಕ್ಕೆ ಹೊಂದದ ವಯಸ್ಕರ ಆಟಗಳನ್ನು ಸ್ಟೀಮ್ ತೆಗೆದುಹಾಕಿತು. ಆ ಆಟಗಳ ಮೇಲೆ ನನಗೆ ಆಸಕ್ತಿಯಿಲ್ಲ. ಆದರೆ ಯಾವುದು ಮಾರಬೇಕು ಅನ್ನೋದನ್ನು ಹಣ ಸಾಗಿಸುವವರು ನಿರ್ಧರಿಸುವುದು ಸರಿಯಲ್ಲ. ಪಿಸಿಯಲ್ಲಿ ಇನ್ನೂ ಒಂದು ಸಮಾಧಾನ ಇದೆ. ಒಂದು ಅಂಗಡಿ ತೆಗೆದರೂ ಆಟ ಮಾಡಿದವರು ತಮ್ಮ ಸ್ವಂತ ಜಾಲತಾಣದಲ್ಲಿ ಫೈಲ್ ಇಟ್ಟು ಕೊಡಬಹುದು.

ಮುಚ್ಚಿದ ಸ್ಟೋರ್‌ನಿಂದ ಉಪಯೋಗವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಮದುವೆ ಕರೆಯೋಲೆ ಅಂತ ವಾಟ್ಸಾಪ್‌ನಲ್ಲಿ ಆಂಡ್ರಾಯ್ಡ್ ಆಪ್ ಹಾಕುವ ಎಪಿಕೆ ಫೈಲ್ ಕಳಿಸಿ ಬ್ಯಾಂಕ್ ಖಾತೆ ಖಾಲಿ ಮಾಡುವ ಕಾಲ ಇದು. ಅಪ್ಪನ ಫೋನಿನಲ್ಲಿ ಹೊರಗಿನ ಆಪ್ ಹಾಕುವ ದಾರಿಯನ್ನು ನಾನೇ ಬಂದ್ ಮಾಡಿದ್ದೇನೆ. ಬೀಗ ಇರಲಿ, ಕೀಲಿ ಮನೆಯವರ ಹತ್ತಿರ ಇರಲಿ ಅನ್ನೋದು ನನ್ನ ವಾದ. ಗೂಗಲ್ 2025ರ ಆಗಸ್ಟ್‌ನಲ್ಲಿ, ಪ್ಲೇ ಸ್ಟೋರ್ ಹೊರಗೆ ಆಪ್ ಕೊಡುವವರೂ ತನ್ನ ಹತ್ತಿರ ಗುರುತು ದೃಢಪಡಿಸಬೇಕು ಎಂದು ಘೋಷಿಸಿತು. ಆಕ್ಷೇಪ ಜೋರಾದ ಮೇಲೆ, ಅನುಭವ ಇರುವ ಬಳಕೆದಾರರಿಗೆ ಬೇರೆ ದಾರಿ ಇಡುವುದಾಗಿ ಹೇಳಿತು. ತೆರೆದಿದ್ದ ಬಾಗಿಲು ಹೀಗೆ ಒಂದೊಂದೇ ಇಂಚು ಮುಚ್ಚುತ್ತಾ ಬರುತ್ತದೆ. ಸದ್ದು ಮಾಡಿದರೆ ಅರ್ಧ ಇಂಚು ತೆರೆಯುತ್ತದೆ. ಪಿಸಿಯಲ್ಲೂ ಸದ್ದು ಮಾಡುವ ಅಭ್ಯಾಸ ಬಿಡಬಾರದು.

ನನ್ನ ಹಳೆ ಪಿಸಿಯ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿ ಇಲ್ಲ. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅವತ್ತೇ ಲಿನಕ್ಸ್ ಮಿಂಟ್ ಹಾಕಿ ಸ್ಟೀಮ್ ಇಳಿಸಿದೆ. ನಾನು ಆಡುವ ಆಟಗಳಲ್ಲಿ ಹೆಚ್ಚಿನವು ಪ್ರೋಟಾನ್‌ನಲ್ಲಿ ಸಲೀಸಾಗಿ ಓಡಿದವು. ಫೋರ್ಟ್‌ನೈಟ್, ವ್ಯಾಲರಂಟ್ ಥರದವು ಆಟದಲ್ಲಿ ಮೋಸ ತಡೆಯುವ ತಮ್ಮ ಆಂಟಿ-ಚೀಟ್ ತಂತ್ರಾಂಶದ ಕಾರಣಕ್ಕೆ ಲಿನಕ್ಸ್‌ನಲ್ಲಿ ನಡೆಯುವುದಿಲ್ಲ. ಅವೇ ಬೇಕು ಅನ್ನುವವರು ವಿಂಡೋಸ್‌ನಲ್ಲೇ ಇರಿ.

ಸ್ಟೀಮ್‌ಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಗಾಗ್‌ಗೆ ನಾಲ್ಕೂವರೆ. ಹೊಸ ಲ್ಯಾಪ್‌ಟಾಪ್ ಕೊಳ್ಳುವವರು ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ ಎಸ್ ಮೋಡ್ ಇದೆಯಾ ಅಂತ ಕೇಳಿ. ಗಾಗ್‌ನಲ್ಲಿ ಕೊಂಡರೆ ಇನ್‌ಸ್ಟಾಲರ್‌ಗಳನ್ನು ಒಂದು ಹೊರಗಿನ ಹಾರ್ಡ್‌ಡಿಸ್ಕ್‌ಗೆ ಹಾಕಿಡಿ.

ನಮ್ಮ ಸ್ಟಾರ್‌ಡ್ಯೂ ಪಟ್ಟಿಯಲ್ಲಿ ಒಂದು ಹೆಸರು ಮಾತ್ರ ಉಳಿದಿತ್ತು. ಪಾರ್ಸ್‌ನಿಪ್. ಆಟದಲ್ಲಿ ಮೊಟ್ಟಮೊದಲು ಬಿತ್ತುವುದೇ ಅದು. ನಮ್ಮ ಕಡೆ ಬೆಳೆಯುವುದಿಲ್ಲ, ಏನನ್ನಬೇಕೋ ಇಬ್ಬರಿಗೂ ತೋಚಲಿಲ್ಲ. ಅಜ್ಜಿ ಕನ್ನಡಕ ಹಾಕಿಕೊಂಡು ಸ್ಕ್ರೀನ್ ಹತ್ತಿರ ಬಂದು ನೋಡಿದರು. "ಬಿಳಿ ಗಜ್ಜರಿ ಇದ್ದಂಗೆ ಇದೆಯಲ್ಲ" ಅಂದರು. ಹಾಗೇ ಬರೆದು ಸೇವ್ ಮಾಡಿದೆವು.