ಗಾಂಜಾ ಎಣ್ಣೆ ಮಾಡುವ ಯಂತ್ರ: ಮೂರು ವರ್ಷ ಬಳಸಿದ ಮೇಲೆ

ಈ ಯಂತ್ರ ನಮ್ಮ ಅಡುಗೆಮನೆಗೆ ಬಂದು ಮೂರು ವರ್ಷ ದಾಟಿತು. ಒಂದೂವರೆ ತಿಂಗಳಿಗೊಮ್ಮೆ ಇದರಲ್ಲಿ ಎಣ್ಣೆ ಮಾಡುತ್ತೇನೆ. ನನ್ನ ನೋಟ್‌ಬುಕ್ಕಿನ ಪ್ರಕಾರ ಇದುವರೆಗೆ ಇಪ್ಪತ್ತಾರು ಸಲ ಆಗಿದೆ. ಕೊಂಡ ವಾರದಲ್ಲೇ ವಿಮರ್ಶೆ ಬರೆದಿದ್ದರೆ ಐದು ಸ್ಟಾರ್ ಕೊಡುತ್ತಿದ್ದೆ. ಮೂರನೇ ತಿಂಗಳಲ್ಲಿ ಬರೆದಿದ್ದರೆ ಒಂದೂ ಕೊಡುತ್ತಿರಲಿಲ್ಲ. ಈಗ ಎರಡೂ ಸರಿಯಲ್ಲ ಅನಿಸುತ್ತದೆ.

ಎಣ್ಣೆ ನನಗಲ್ಲ, ಅಕ್ಕನಿಗೆ. ಅವಳಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಇದೆ, ಅಂದರೆ ಮಿದುಳು ಮತ್ತು ಬೆನ್ನುಹುರಿಯ ನರಗಳಿಗೆ ಹಾನಿ ಮಾಡುವ ಕಾಯಿಲೆ. ರಾತ್ರಿ ಮಲಗಿದ ಮೇಲೆ ಕಾಲಿನ ಸ್ನಾಯುಗಳು ಬಿಗಿದುಕೊಂಡು ನಿದ್ದೆಯೇ ಇರುತ್ತಿರಲಿಲ್ಲ. ಬೇರೆ ಔಷಧಿಗಳನ್ನೆಲ್ಲ ನೋಡಿ ಆದ ಮೇಲೆ ಅವಳ ಡಾಕ್ಟರೇ ಇದನ್ನು ಒಪ್ಪಿದರು. ನಾವಿರುವ ಕಡೆ ಕಾನೂನು ಕೂಡ ಒಪ್ಪುತ್ತದೆ. ನೀವಿರುವ ಕಡೆ ಒಪ್ಪದಿದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ. ಕೆಲವು ದೇಶಗಳಲ್ಲಿ ಸ್ವಲ್ಪ ಇಟ್ಟುಕೊಂಡರೂ ಜೈಲು.

ಯಂತ್ರ ಅಂದರೆ ಮಿಕ್ಸರ್ ಜಾರ್ ತರಹದ ಒಂದು ಸ್ಟೀಲ್ ಪಾತ್ರೆ. ಮೇಲಿನ ಮುಚ್ಚಳದಲ್ಲಿ ಮೋಟಾರ್, ಬ್ಲೇಡು ಮತ್ತು ಬಿಸಿ ಮಾಡುವ ಕಡ್ಡಿ ಇರುತ್ತವೆ. ಅಡುಗೆ ಎಣ್ಣೆ ಹಾಕಿ, ಗಾಂಜಾ ಗಿಡದ ಒಣಗಿದ ಹೂವು ಹಾಕಿ, ಎಷ್ಟು ಡಿಗ್ರಿ, ಎಷ್ಟು ಗಂಟೆ ಅಂತ ಒತ್ತಿದರೆ ಆಯಿತು. ಅದೇ ಬಿಸಿ ಮಾಡುತ್ತದೆ, ಆಗಾಗ ತಿರುಗಿಸುತ್ತದೆ, ಮುಗಿದಾಗ ಸದ್ದು ಮಾಡುತ್ತದೆ. ಕಡಿಮೆ ಅಂದರೂ 480 ಮಿಲಿಲೀಟರ್ ಎಣ್ಣೆ ಬೇಕು, ಇಲ್ಲದಿದ್ದರೆ ಕಡ್ಡಿ ಮುಳುಗುವುದಿಲ್ಲ. ನಾನು 71 ಡಿಗ್ರಿಯಲ್ಲಿ ಎರಡು ಗಂಟೆ ಇಡುತ್ತೇನೆ.

ಡಬ್ಬದ ಮೇಲೆ ದೊಡ್ಡದಾಗಿ ಬರೆದಿತ್ತು: ಹಾಕಿ, ಒತ್ತಿ, ಮರೆತುಬಿಡಿ. ಅದನ್ನು ನಂಬಿ ಮೊದಲ ಎರಡು ಸಲ ಹಾಗೇ ಮಾಡಿದೆ. ಹಸಿರು ಬಣ್ಣದ ಚೆಂದದ ಎಣ್ಣೆ ಬಂತು. ಮನೆಯೆಲ್ಲ ವಾಸನೆ. ಅಕ್ಕ ದಿನಾ ಒಂದು ಟೀ ಚಮಚ ಊಟಕ್ಕೆ ಹಾಕಿಕೊಂಡಳು, ಆಮೇಲೆ ಎರಡು ಚಮಚ. ಏನೂ ಆಗಲಿಲ್ಲ. ಕಾಲು ಬಿಗಿಯುವುದು ನಿಲ್ಲಲಿಲ್ಲ. ದುಡ್ಡು ಹೋಯಿತು, ಅದಕ್ಕಿಂತ ಜಾಸ್ತಿ ಅವಳ ಭರವಸೆ ಹೋಯಿತು.

ಕಾರಣ ಆಮೇಲೆ ಓದಿ ತಿಳಿದುಕೊಂಡೆ. ಗಾಂಜಾದ ಅಮಲಿಗೆ ಕಾರಣವಾದ ಮುಖ್ಯ ರಾಸಾಯನಿಕ ಟಿಎಚ್‌ಸಿ. ಗಿಡದಲ್ಲಿ ಅದು ಹೆಚ್ಚೂಕಡಿಮೆ ಇರುವುದೇ ಇಲ್ಲ. ಇರುವುದು ಅದರ ಆಮ್ಲ ರೂಪ, ಟಿಎಚ್‌ಸಿಎ. ಅದಕ್ಕೆ ಅಮಲು ಬರಿಸುವ ಗುಣ ಇಲ್ಲ. ಒಣ ಹೂವನ್ನು ಸರಿಯಾಗಿ ಬಿಸಿ ಮಾಡಿದಾಗ ಅದರಿಂದ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗಿ ಟಿಎಚ್‌ಸಿ ಉಳಿಯುತ್ತದೆ. ಇದನ್ನೇ ಎಲ್ಲರೂ ಡಿಕಾರ್ಬ್ ಅನ್ನುತ್ತಾರೆ. ಸೇದುವವರಿಗೆ ಬೆಂಕಿಯೇ ಈ ಕೆಲಸ ಮಾಡಿಕೊಡುತ್ತದೆ. ಎಣ್ಣೆ ಮಾಡುವವರು ಮೊದಲೇ ಓವನ್ನಿನಲ್ಲಿ ಮಾಡಿಕೊಳ್ಳಬೇಕು. 71 ಡಿಗ್ರಿ ಎಣ್ಣೆಯಲ್ಲಿ ಎರಡು ಗಂಟೆ ಇಟ್ಟರೆ ಅದು ಆಗುವುದಿಲ್ಲ. ಯಂತ್ರದ ಕೈಪಿಡಿಯಲ್ಲಿ ಇದರ ಬಗ್ಗೆ ಕೊನೆಯ ಪುಟದಲ್ಲಿ ಒಂದೇ ಸಾಲು ಇತ್ತು. ಮೊದಲ ಪುಟದಲ್ಲಿ ಇರಬೇಕಾದ ಮಾತು ಅದು.

ಈಗ ನಾನು ಹೂವನ್ನು ಕೈಯಲ್ಲೇ ತರಿತರಿಯಾಗಿ ಬಿಡಿಸುತ್ತೇನೆ. ಟ್ರೇ ಮೇಲೆ ಬೇಕಿಂಗ್ ಪೇಪರ್ ಹಾಸಿ ತೆಳ್ಳಗೆ ಹರಡಿ, ಮೇಲೆ ಅಲ್ಯೂಮಿನಿಯಂ ಹಾಳೆ ಮುಚ್ಚಿ, 115 ಡಿಗ್ರಿ ಸೆಲ್ಸಿಯಸ್‌ನಲ್ಲಿ 40 ನಿಮಿಷ ಇಡುತ್ತೇನೆ. ಹಸಿರು ಹೋಗಿ ತಿಳಿ ಕಂದು ಬಣ್ಣ ಬರಬೇಕು. ಓವನ್ನಿನ ಗುಂಡಿ ಹೇಳುವುದನ್ನು ಮಾತ್ರ ನಂಬಬೇಡಿ. ಒಳಗೆ ಒಂದು ಥರ್ಮಾಮೀಟರ್ ಇಟ್ಟು ನೋಡಿದಾಗ ನಮ್ಮದು 115 ಅಂತ ತೋರಿಸುತ್ತಾ 140ರವರೆಗೂ ಏರುತ್ತಿತ್ತು. ಅಷ್ಟು ಬಿಸಿಯಾದರೆ ಪರಿಮಳ ಹಾರಿಹೋಗುತ್ತದೆ, ಬಂದ ಟಿಎಚ್‌ಸಿ ಕೂಡ ಕೆಡಲು ಶುರುವಾಗುತ್ತದೆ. ಆ ಥರ್ಮಾಮೀಟರಿನ ಬೆಲೆ ಯಂತ್ರದ ಬೆಲೆಯ ಮುಂದೆ ಏನೂ ಅಲ್ಲ. ಆದರೆ ಎಣ್ಣೆ ಸರಿಯಾಗಲು ಯಂತ್ರಕ್ಕಿಂತ ಅದೇ ಹೆಚ್ಚು ನೆರವಾಯಿತು.

ಮೂರನೇ ಸಲದ ಕಥೆ ಹೇಳಲೇಬೇಕು. ಆ ಸಲ ಓವನ್ನಿನಲ್ಲಿ ಇಟ್ಟೇ ಮಾಡಿದೆ. 14 ಗ್ರಾಂ ಹೂವು, 480 ಮಿಲಿಲೀಟರ್ ಎಣ್ಣೆ. ಹಿಂದಿನ ಎರಡು ಸಲ ಚಮಚಗಟ್ಟಲೆ ಹಾಕಿಕೊಂಡು ಏನೂ ಆಗಿರಲಿಲ್ಲವಲ್ಲ, ಹಾಗಾಗಿ ಅಕ್ಕ ಅದೇ ಅಳತೆಯಲ್ಲಿ ಒಂದು ಟೀ ಚಮಚ ತೆಗೆದುಕೊಂಡಳು. ಒಂದು ಗಂಟೆ ಕಾದಳು. "ಇದೂ ಅಷ್ಟೇ ಕಣೇ, ಏನೂ ಗೊತ್ತಾಗ್ತಿಲ್ಲ" ಅಂದು ಇನ್ನೊಂದು ಚಮಚ ಹಾಕಿಕೊಂಡಳು. ನಾನೂ ಬೇಡ ಅನ್ನಲಿಲ್ಲ.

ಮೊದಲ ಚಮಚ ತಗೊಂಡು ಎರಡೂವರೆ ಗಂಟೆ ಆಗುವ ಹೊತ್ತಿಗೆ ಎರಡೂ ಚಮಚ ಒಟ್ಟಿಗೆ ಹಿಡಿದವು. ಎದೆ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ಎದ್ದು ನಿಲ್ಲಲು ಆಗಲಿಲ್ಲ. ಸಾಯುತ್ತೇನೆ ಅಂತ ಹೆದರಿ ನನ್ನ ಕೈ ಹಿಡಿದುಕೊಂಡೇ ಇದ್ದಳು. ವಿಷಕ್ಕೆ ಸಂಬಂಧಿಸಿದ ಸಹಾಯವಾಣಿಗೆ ಫೋನ್ ಮಾಡಿದೆ. ಆ ಕಡೆಯಿಂದ ಬಂದ ಮೊದಲ ಪ್ರಶ್ನೆ: "ಎಷ್ಟು ಮಿಲಿಗ್ರಾಂ ಹೋಗಿದೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡು ಚಮಚ ಅಂದೆ. "ಎಷ್ಟು ಮಿಲಿಗ್ರಾಂ?" ಅಂತ ಮತ್ತೆ ಕೇಳಿದರು. ಮಾಡಿದವಳು ನಾನೇ, ಆದರೂ ಗೊತ್ತಿರಲಿಲ್ಲ. ಅವರು ತಾಳ್ಮೆಯಿಂದ ಉಸಿರಾಟ ಹೇಗಿದೆ, ಬೇರೆ ಏನು ಔಷಧಿ ತಗೊಳ್ತಾರೆ ಅಂತ ಕೇಳಿ, ಪಕ್ಕದಲ್ಲೇ ಇರಿ, ಉಸಿರಾಟ ಕಷ್ಟವಾದರೆ ತಕ್ಷಣ ಆಸ್ಪತ್ರೆಗೆ ಬನ್ನಿ ಅಂದರು. ರಾತ್ರಿಯಿಡೀ ಪಕ್ಕದಲ್ಲಿ ಕೂತಿದ್ದೆ. ಮಾರನೇ ದಿನ ಮಧ್ಯಾಹ್ನದವರೆಗೂ ಅವಳ ಮಂಪರು ಇಳಿಯಲಿಲ್ಲ.

ಆಮೇಲೆ ಲೆಕ್ಕ ಹಾಕಿದೆ. ಹೂವಿನ ಪ್ಯಾಕೆಟ್ಟಿನ ಮೇಲೆ ಟಿಎಚ್‌ಸಿಎ 17 ಶೇಕಡಾ ಅಂತ ಇತ್ತು. 14 ಗ್ರಾಮಿನಲ್ಲಿ 2,380 ಮಿಲಿಗ್ರಾಂ ಆಯಿತು. ಆಮ್ಲದ ತೂಕದಲ್ಲಿ ಒಂದು ಭಾಗ ಡೈಆಕ್ಸೈಡ್ ಆಗಿ ಹೋಗುವುದರಿಂದ 0.877ರಿಂದ ಗುಣಿಸಬೇಕು. ಸುಮಾರು 2,087 ಮಿಲಿಗ್ರಾಂ ಟಿಎಚ್‌ಸಿ. ಅದನ್ನು 480ರಿಂದ ಭಾಗಿಸಿದರೆ ಒಂದು ಮಿಲಿಲೀಟರಿಗೆ 4.3 ಮಿಲಿಗ್ರಾಂ. ಟೀ ಚಮಚ 5 ಮಿಲಿಲೀಟರ್, ಅಂದರೆ 21 ಮಿಲಿಗ್ರಾಮಿಗೂ ಜಾಸ್ತಿ. ಹೊಸಬರು 2.5 ಮಿಲಿಗ್ರಾಮಿನಿಂದ ಶುರು ಮಾಡಬೇಕು. ಅಕ್ಕನ ಹೊಟ್ಟೆಗೆ ಆ ರಾತ್ರಿ 40ಕ್ಕೂ ಹೆಚ್ಚು ಹೋಗಿರಬಹುದು.

ಮನೆಯಲ್ಲಿ ಮಾಡುವಾಗ ಸ್ವಲ್ಪ ನಷ್ಟ ಆಗೇ ಆಗುತ್ತದೆ, ಹಾಗಾಗಿ ನಿಜವಾದ ಪ್ರಮಾಣ ಇದಕ್ಕಿಂತ ಕಡಿಮೆಯೇ ಇರುತ್ತದೆ. ಆದರೂ ಲೆಕ್ಕ ಹಾಕುವಾಗ ಏನೂ ನಷ್ಟ ಆಗಿಲ್ಲ ಅಂತಲೇ ಹಾಕಿ. ತಪ್ಪಿದರೆ ಕಡಿಮೆ ಕಡೆಗೇ ತಪ್ಪಲಿ. ಇನ್ನೊಂದು ವಿಷಯ. ಪ್ಯಾಕೆಟ್ಟಿನ ಮೇಲೆ ಟಿಎಚ್‌ಸಿಎ ಬದಲು ಒಟ್ಟು ಟಿಎಚ್‌ಸಿ ಅಂತ ಇದ್ದರೆ 0.877ರ ಲೆಕ್ಕ ಅದರಲ್ಲಿ ಆಗಲೇ ಸೇರಿರುತ್ತದೆ. ಮತ್ತೆ ಗುಣಿಸಬೇಡಿ.

ಬಾಯಿಂದ ತಗೊಂಡದ್ದು ಯಾಕೆ ಅಷ್ಟು ತಡವಾಗಿ, ಅಷ್ಟು ಜೋರಾಗಿ ಹಿಡಿಯುತ್ತದೆ ಅಂತಲೂ ಆಗಲೇ ತಿಳಿದದ್ದು. ಹೊಟ್ಟೆಯಿಂದ ಯಕೃತ್ತಿಗೆ ಹೋಗಿ ಅಲ್ಲಿ ಟಿಎಚ್‌ಸಿ ಇನ್ನೊಂದು ರೂಪಕ್ಕೆ ತಿರುಗುತ್ತದೆ. ಮಿದುಳಿನ ಮೇಲೆ ಅದರ ಪರಿಣಾಮ ಬಲವಾದದ್ದು. ಗೊತ್ತಾಗಲು ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಆರರಿಂದ ಎಂಟು ಗಂಟೆ ಇರುತ್ತದೆ, ಜಾಸ್ತಿ ತಗೊಂಡರೆ ಇನ್ನೂ ಹೊತ್ತು. ಅದಕ್ಕೇ ನಮ್ಮ ಮನೆಯಲ್ಲಿ ಒಂದು ನಿಯಮ: ಒಂದು ರಾತ್ರಿಗೆ ಒಂದೇ ಸಲ. ಏನೂ ಆಗಲಿಲ್ಲ ಅನಿಸಿದರೂ ಎರಡನೆಯದು ಮಾರನೇ ದಿನವೇ.

ನಾಲ್ಕನೇ ಸಲದಿಂದ ಅಳತೆ ಬದಲಾಯಿಸಿದೆ. ಅದೇ 17 ಶೇಕಡಾ ಹೂವು 3.5 ಗ್ರಾಂ, ಎಣ್ಣೆ ಅದೇ 480. ಒಂದು ಮಿಲಿಲೀಟರಿಗೆ ಹೆಚ್ಚೂಕಡಿಮೆ ಒಂದು ಮಿಲಿಗ್ರಾಂ ಬರುತ್ತದೆ. ಯಾರು ಬೇಕಾದರೂ ನೆನಪಿಟ್ಟುಕೊಳ್ಳಬಹುದು, ಅಲ್ವಾ? ಹೂವು ಬದಲಾದರೆ ಗ್ರಾಂ ಬದಲಾಯಿಸುತ್ತೇನೆ, ಈ ಒಂದಕ್ಕೆ ಒಂದು ಅನ್ನುವುದನ್ನು ಬದಲಾಯಿಸುವುದಿಲ್ಲ. ಚಮಚ ಬಿಟ್ಟು ಸೂಜಿ ಇಲ್ಲದ ಸಿರಿಂಜಿನಲ್ಲಿ ಅಳೆಯುತ್ತೇವೆ. ಅಕ್ಕ ಎರಡೂವರೆ ಮಿಲಿಲೀಟರಿನಿಂದ ಶುರು ಮಾಡಿ, ಡಾಕ್ಟರಿಗೆ ಹೇಳುತ್ತಾ, ವಾರಗಟ್ಟಲೆ ಕಾದು ಈಗ ಹತ್ತಕ್ಕೆ ಬಂದಿದ್ದಾಳೆ. ರಾತ್ರಿಯ ಬಿಗಿತ ಪೂರ್ತಿ ಹೋಗಿಲ್ಲ. ಆದರೆ ನಾಲ್ಕೈದು ಗಂಟೆ ಒಂದೇ ಸಮ ಮಲಗುತ್ತಾಳೆ. ಮೊದಲು ಅದು ಇರಲಿಲ್ಲ.

ಯಾವ ಎಣ್ಣೆ ಅಂತ ತುಂಬಾ ಜನ ಕೇಳುತ್ತಾರೆ. ಟಿಎಚ್‌ಸಿ ನೀರಿನಲ್ಲಿ ಕರಗದು, ಕೊಬ್ಬಿನಲ್ಲಿ ಕರಗುತ್ತದೆ. ಹಾಗಾಗಿ ಯಾವ ಅಡುಗೆ ಎಣ್ಣೆಯಾದರೂ ನಡೆಯುತ್ತದೆ. ಕೊಬ್ಬರಿ ಎಣ್ಣೆಯಿಂದ ಶುರು ಮಾಡಿದ್ದೆ. ಫ್ರಿಜ್ಜಿನಲ್ಲಿ ಕಲ್ಲಿನಂತೆ ಗಟ್ಟಿಯಾಗಿ ಸಿರಿಂಜಿಗೆ ಎಳೆಯಲು ಬರುತ್ತಿರಲಿಲ್ಲ. ಆಲಿವ್ ಎಣ್ಣೆಯೂ ಮಂದವಾಗುತ್ತದೆ. ಈಗ ಎಂಸಿಟಿ ಎಣ್ಣೆ ಬಳಸುತ್ತೇನೆ. ಅದು ಹೆಚ್ಚಾಗಿ ಕೊಬ್ಬರಿ ಎಣ್ಣೆಯಿಂದ ಬೇರ್ಪಡಿಸಿದ, ಗಟ್ಟಿಯಾಗದ ಭಾಗ, ತಣ್ಣಗಿದ್ದರೂ ನೀರಿನಂತೆ ಹರಿಯುತ್ತದೆ. ಆದರೆ ಅದರಲ್ಲಿ ಒಗ್ಗರಣೆ, ಕರಿಯುವುದು ಬೇಡ. ನಿಜ ಹೇಳಬೇಕಂದರೆ, ಯಾವ ಎಣ್ಣೆಯಲ್ಲಿ ಮಾಡಿದ್ದಾದರೂ ಸರಿ, ತಯಾರಾದ ಗಾಂಜಾ ಎಣ್ಣೆಯನ್ನು ಅಡುಗೆಗೆ ಅಂತ ಒಲೆ ಮೇಲೆ ಇಡಲೇಬಾರದು. ಅಡುಗೆ ಇಳಿಸಿದ ಮೇಲೆ ಅವಳ ತಟ್ಟೆಗೆ ಮಾತ್ರ ಹಾಕಿ ಕಲಸುತ್ತೇನೆ. ಪಾತ್ರೆಗೆ ಸುರಿದರೆ ಯಾರ ತುತ್ತಿಗೆ ಎಷ್ಟು ಬಂತು ಅಂತ ಹೇಗೆ ಗೊತ್ತಾಗಬೇಕು?

ಯಂತ್ರದ ಬಗ್ಗೆ ಇನ್ನಷ್ಟು. ಬಿಸಿ ಒಂದೇ ಮಟ್ಟದಲ್ಲಿ ಇಡುವುದರಲ್ಲಿ ಅದು ನಿಜಕ್ಕೂ ಒಳ್ಳೆಯದು. ಬೇರೆ ಥರ್ಮಾಮೀಟರ್ ಇಟ್ಟು ನೋಡಿದ್ದೇನೆ, ಎರಡು ಡಿಗ್ರಿಗಿಂತ ಆಚೀಚೆ ಹೋಗಿಲ್ಲ. ಬ್ಲೇಡು ಮಾತ್ರ ಸುಮ್ನೆ ಜಾಸ್ತಿ ಅರೆಯುತ್ತದೆ. ಸೊಪ್ಪು ನುಣ್ಣಗಾದಷ್ಟೂ ಹಸಿರು ಬಿಟ್ಟು ಎಣ್ಣೆ ಕಹಿಯಾಗುತ್ತದೆ. ಸೋಸುವ ಚೀಲವನ್ನು ಕಷ್ಟಪಟ್ಟು ಹಿಂಡಿದರೂ ಅಷ್ಟೇ. ಈಗ ಹಿಂಡುವುದಿಲ್ಲ, ತೂಗುಹಾಕಿ ಅರ್ಧ ಗಂಟೆ ಬಿಡುತ್ತೇನೆ. ತೊಳೆಯುವುದು ದೊಡ್ಡ ಕೆಲಸ. ಮುಚ್ಚಳ ನೀರಿಗೆ ಮುಳುಗಿಸುವಂತಿಲ್ಲ, ರಬ್ಬರ್ ವಾಷರಿಗೆ ಹಿಡಿದ ವಾಸನೆ ಹೋಗುವುದಿಲ್ಲ. ವರ್ಷಕ್ಕೊಮ್ಮೆ ವಾಷರ್ ಬದಲಾಯಿಸುತ್ತೇನೆ. ಈ ಯಂತ್ರದಲ್ಲಿ ಮದ್ಯಸಾರ ಹಾಕಿ ಸತ್ವ ತೆಗೆಯಬಹುದು ಅಂತಲೂ ಬರೆದಿದ್ದಾರೆ. ಅಡುಗೆಮನೆಯಲ್ಲಿ ಆ ಆವಿಗೆ ಬೆಂಕಿ ಹತ್ತಿದರೆ ಗತಿಯೇನು? ನಾನು ಮಾಡಿಲ್ಲ, ಮಾಡುವುದೂ ಇಲ್ಲ.

ಹದಿನಾಲ್ಕನೇ ತಿಂಗಳಲ್ಲಿ ಬಿಸಿ ಅಳೆಯುವ ಸೆನ್ಸರ್ ಕೆಟ್ಟಿತು. ವಾರಂಟಿ ಎರಡು ತಿಂಗಳ ಹಿಂದೆ ಮುಗಿದಿತ್ತು. ಸಾಗಿಸುವ ಖರ್ಚು ನಮ್ಮದೇ, ರಿಪೇರಿ ಖರ್ಚೂ ನಮ್ಮದೇ, ವಾಪಸ್ ಬರಲು ಐದು ವಾರ. ಇದಕ್ಕೆ ನನಗೆ ಈಗಲೂ ಬೇಸರ ಇದೆ. ಔಷಧಿಯಂತೆ ಬಳಸುವವರೂ ಇದ್ದಾರೆ ಅಂತ ಅವರಿಗೆ ಗೊತ್ತಿರಬೇಕಲ್ಲ.

ಆ ಐದು ವಾರದಲ್ಲಿ ಒಂದು ಸಲ ಗಾಜಿನ ಭರಣಿಯಲ್ಲಿ ಮಾಡಿದೆ. ಅಗಲ ಪಾತ್ರೆಯ ತಳಕ್ಕೆ ಬಟ್ಟೆ ಹಾಸಿ, ನೀರು ಹಾಕಿ, ಒಳಗೆ ಭರಣಿ ಇಟ್ಟೆ. ಒಳಗಿನ ಒತ್ತಡ ಹೊರಗೆ ಹೋಗಲಿ ಅಂತ ಮುಚ್ಚಳ ಸಡಿಲವಾಗಿ ಇಟ್ಟೆ. ನೀರನ್ನು 80ರಿಂದ 90 ಡಿಗ್ರಿಯ ಮಧ್ಯೆ ಮೂರು ಗಂಟೆ ಇಟ್ಟು, ಆಗಾಗ ಕಲಕಿದೆ. ಅಲ್ಲೇ ನಿಂತಿರಬೇಕು, ಬೇರೆ ಕೆಲಸ ಆಗುವುದಿಲ್ಲ. ಆದರೆ ಎಣ್ಣೆ? ಅಕ್ಕನಿಗೆ ಯಾವ ವ್ಯತ್ಯಾಸವೂ ಗೊತ್ತಾಗಲಿಲ್ಲ. ರುಚಿ ಇನ್ನೂ ಚೆನ್ನಾಗಿತ್ತು, ಬ್ಲೇಡು ಇರಲಿಲ್ಲವಲ್ಲ. ವರ್ಷಕ್ಕೆ ಎರಡು ಮೂರು ಸಲ ಮಾಡುವವರಿಗೆ ಈ ಯಂತ್ರ ಬೇಡವೇ ಬೇಡ ಅಂತ ನಾನು ಧೈರ್ಯವಾಗಿ ಹೇಳುವುದು ಇದಕ್ಕೇ. ನನ್ನ ಹಾಗೆ ಮತ್ತೆ ಮತ್ತೆ ಮಾಡುವವರಿಗೆ, ಒಲೆ ಮುಂದೆ ಮೂರು ಗಂಟೆ ನಿಲ್ಲಲಾಗದವರಿಗೆ ಕೊಳ್ಳಬಹುದು. ಐದಕ್ಕೆ ಮೂರೂವರೆ ಸ್ಟಾರ್ ಕೊಡುತ್ತೇನೆ.

ಇಟ್ಟುಕೊಳ್ಳುವ ಬಗ್ಗೆ. ಕಂದು ಗಾಜಿನ ಬಾಟಲಿ, ಫ್ರಿಜ್ಜು. ಬೆಳಕು ಮತ್ತು ಗಾಳಿ ಎರಡೂ ಟಿಎಚ್‌ಸಿಯನ್ನು ಕೆಡಿಸುತ್ತವೆ. ಬಾಟಲಿಯಲ್ಲಿ ಒಂದು ಹನಿ ನೀರೂ ಇರಬಾರದು. ರುಚಿಗೆ ಅಂತ ಹಸಿ ಬೆಳ್ಳುಳ್ಳಿ, ಹಸಿ ಸೊಪ್ಪು ಹಾಕಿ ಇಡಬೇಡಿ. ಗಾಳಿ ಇಲ್ಲದ ಎಣ್ಣೆಯೊಳಗೆ ಬೊಟುಲಿಸಂ ಅನ್ನುವ, ಜೀವಕ್ಕೇ ಅಪಾಯವಾದ ವಿಷಬಾಧೆ ತರುವ ಬ್ಯಾಕ್ಟೀರಿಯಾ ಬೆಳೆಯಬಹುದು, ಬಣ್ಣ ವಾಸನೆಯಲ್ಲಿ ಏನೂ ಗೊತ್ತಾಗುವುದಿಲ್ಲ.

ನೋಡಲು ಇದು ಬರೀ ಅಡುಗೆ ಎಣ್ಣೆ. ಅದೇ ನನಗೆ ಇವತ್ತಿಗೂ ಭಯ. ಮಕ್ಕಳಿಗೆ, ನಾಯಿ ಬೆಕ್ಕಿಗೆ ಸ್ವಲ್ಪ ಹೋದರೂ ಅಪಾಯ. ಹಾಗಾಗಿ ಬಾಟಲಿ ಫ್ರಿಜ್ಜಿನೊಳಗೆ ಬೀಗ ಇರುವ ಪೆಟ್ಟಿಗೆಯಲ್ಲಿ ಇರುತ್ತದೆ. ಗರ್ಭಿಣಿಯರು, ಹಾಲೂಡಿಸುವವರು ಇದನ್ನು ತಗೊಳ್ಳಬಾರದು. ರಕ್ತ ತೆಳುವಾಗಿಸುವ ವಾರ್ಫರಿನ್‌ನಂಥ ಔಷಧಿ ತಗೊಳ್ಳುವವರು ಡಾಕ್ಟರಿಗೆ ಹೇಳದೆ ಮುಟ್ಟಬಾರದು. ತಗೊಂಡ ರಾತ್ರಿ ಗಾಡಿ ಓಡಿಸುವ ಮಾತೇ ಇಲ್ಲ.

ಬಾಟಲಿಗೆ ಚೀಟಿ ಅಂಟಿಸುವುದು ಅಕ್ಕನ ಕೆಲಸ. ತಾರೀಕು, ಹೂವಿನ ಶೇಕಡಾ, ಒಂದು ಮಿಲಿಲೀಟರಿಗೆ ಎಷ್ಟು ಮಿಲಿಗ್ರಾಂ, ಎಲ್ಲ ಅವಳೇ ಬರೆಯುತ್ತಾಳೆ. ನಾನು ಹಾಕಿದ ಲೆಕ್ಕವನ್ನು ಮೊದಲು ಅವಳು ಇನ್ನೊಮ್ಮೆ ಹಾಕಿ ನೋಡುತ್ತಾಳೆ. ಎರಡೂ ತಾಳೆಯಾದರೆ ಮಾತ್ರ ಬಾಟಲಿ ಪೆಟ್ಟಿಗೆಗೆ ಹೋಗುತ್ತದೆ.