ಹಾಸನದಿಂದ ದೇವನಹಳ್ಳಿ ಏರ್‌ಪೋರ್ಟ್‌ಗೆ ಬಸ್ಸಲ್ಲಿ ಹೋದ ಅನುಭವ

ಹೋದ ವಾರ ಅಮ್ಮನ್ನ ಮಸ್ಕತ್ ಫ್ಲೈಟ್‌ಗೆ ಬಿಡೋಕೆ ಹೋಗಿದ್ದೆ, ಅಕ್ಕನ ಬಾಣಂತನಕ್ಕೆ ಹೊರಟಿದ್ರು. ಕಾರ್ ಬಾಡಿಗೆ ಕೇಳಿ ಸುಸ್ತಾಗಿ ಬಸ್ಸೇ ಸಾಕು ಅಂದ್ಕೊಂಡ್ವಿ.

ಹಾಸನದಿಂದ ಬೆಂಗಳೂರು ತನಕ ಏನೂ ತೊಂದ್ರೆ ಇಲ್ಲ, ಸುಮಾರು 185 ಕಿಲೋಮೀಟರು, ಚನ್ನರಾಯಪಟ್ಟಣ, ಕುಣಿಗಲ್, ನೆಲಮಂಗಲ ಅಂತ ರಸ್ತೆ ಚೆನ್ನಾಗಿದೆ, ಬಸ್ಸುಗಳೂ ಬೇಕಾದಷ್ಟು. ನಿಜವಾದ ಕಷ್ಟ ಎರಡು ತುದೀಲಿ. ಸಾಲಗಾಮೆ ಕಡೆ ನಮ್ಮೂರಿಗೆ ಮೊದಲ ಬಸ್ಸು ಬರೋದೇ ಆರೂವರೆಗೆ, ಅವತ್ತು ಅದೂ ಬರ್ಲಿಲ್ಲ, ಪಕ್ಕದ ಮನೆ ಹುಡುಗ ಹಾಲಿನ ಆಟೋದಲ್ಲಿ ಕ್ಯಾನ್‌ಗಳ ಮಧ್ಯೆ ಸೂಟ್‌ಕೇಸ್ ಇಟ್ಕೊಂಡು ಬಿಟ್ಟ, ಅಂಟಿನುಂಡೆ ಡಬ್ಬಿ ಅಮ್ಮ ತೊಡೆ ಮೇಲಿಂದ ಇಳಿಸ್ಲೇ ಇಲ್ಲ.

ಮೆಜೆಸ್ಟಿಕ್ ತನಕ ಹೋಗ್ಬೇಡಿ. ಗೊರಗುಂಟೆಪಾಳ್ಯದಲ್ಲೇ ಇಳಿದು ರಿಂಗ್ ರೋಡ್ ಬಸ್ಸಲ್ಲಿ ಹೆಬ್ಬಾಳಕ್ಕೆ ಹೋಗಿ, ಅಲ್ಲಿಂದ ವಾಯು ವಜ್ರ, ಅಂದ್ರೆ ಬಿಎಂಟಿಸಿಯ ಏರ್‌ಪೋರ್ಟ್ ಬಸ್ಸು, ಸಿಗುತ್ತೆ. ವಾಯು ವಜ್ರ ಮಾತ್ರ ತುಂಬಾ ಇಷ್ಟ ಆಯ್ತು, ಲಗೇಜ್ ಇಡೋಕೆ ಜಾಗ ಇದೆ, ಎಸಿ ಇದೆ, ಕಂಡಕ್ಟರ್ ಅಮ್ಮನ ಕೈ ಹಿಡಿದು ಹತ್ತಿಸಿದ್ರು. ಆದ್ರೆ ಗೊರಗುಂಟೆಪಾಳ್ಯದಲ್ಲಿ ಆ ಟ್ರಾಫಿಕ್ ಮಧ್ಯೆ ಮಂಡಿನೋವಿನವ್ರನ್ನ ಕರ್ಕೊಂಡು ರಸ್ತೆ ದಾಟೋದು ಇದ್ಯಲ್ಲ, ಭಯ ಆಗುತ್ತೆ ಕಣ್ರೀ.

ಮೈಸೂರಿಂದ ಏರ್‌ಪೋರ್ಟ್‌ಗೆ ಕೆಎಸ್‌ಆರ್‌ಟಿಸಿಯ ನೇರ ಫ್ಲೈಬಸ್ ಇದೆ, ಟರ್ಮಿನಲ್ ಹತ್ರನೇ ಇಳಿಸುತ್ತೆ. ಹಾಸನದವ್ರಿಗೂ ಫ್ಲೈಟ್ ಟೈಮಿಗೆ ಹೊಂದೋ ಹಾಗೆ ರಾತ್ರಿ ಒಂದು, ಬೆಳಗಿನ ಜಾವ ಒಂದು ನೇರ ಬಸ್ಸು ಬೇಕೇ ಬೇಕು, ಜೊತೆಗೆ ಹಳ್ಳಿ ಬಸ್ಸುಗಳು ಅದಕ್ಕೆ ಸರಿಯಾಗಿ ಸ್ಟ್ಯಾಂಡ್ ಮುಟ್ಬೇಕು. ಹೆಬ್ಬಾಳದಿಂದ ಮುಂದಕ್ಕೆ ಐದಕ್ಕೆ ಐದು ಸ್ಟಾರ್, ಇಡೀ ಪ್ರಯಾಣಕ್ಕೆ ಎರಡೂವರೆ.