ಒಂಟಿ ಈಡಿನ .45-70 ಕೋವಿಗೆ ಎರಕದ ಗುಂಡು: ನಾಲ್ಕು ತೋಟಾ ಹೊಡೆದು ನೋಡಿದ ಹೋಲಿಕೆ

1873ರಲ್ಲಿ ಅಮೆರಿಕದ ಸೈನ್ಯ ಟ್ರ್ಯಾಪ್‌ಡೋರ್ ಸ್ಪ್ರಿಂಗ್‌ಫೀಲ್ಡ್ ಕೋವಿಗೆಂದು (ಮೇಲಿನ ಮುಚ್ಚಳ ಎತ್ತಿ ಒಂದೊಂದೇ ತೋಟಾ ಹಾಕುವ ಕೋವಿ) ತಂದ ತೋಟಾ .45-70. ಒಳಗೆ 70 ಗ್ರೇನ್ ಕರಿಮದ್ದು, ಮೇಲೆ 405 ಗ್ರೇನ್ ಸೀಸದ ಗುಂಡು. 405 ಗ್ರೇನ್ ಅಂದರೆ ಸುಮಾರು 26 ಗ್ರಾಂ. ಅಲ್ಲಿನ ಕಾಡುಗಳಲ್ಲಿ ಬಿಳಿಬಾಲದ ಜಿಂಕೆಗೆ ಇವತ್ತಿಗೂ ಇದನ್ನೇ ಹಿಡಿದು ಹೋಗುವವರಿದ್ದಾರೆ. ಇಷ್ಟು ದಪ್ಪಗಿನ, ನಿಧಾನದ ಗುಂಡಿಗೆ ತಾಮ್ರದ ಕವಚ ಬೇಕಿಲ್ಲ, ಮನೆಯಲ್ಲಿ ಎರಕ ಹೊಯ್ದದ್ದೇ ಸಾಕು. ಹಾಗೆ ಎರೆದ ಗುಂಡಿನ ನಾಲ್ಕು ಬಗೆಯ ತೋಟಾಗಳನ್ನು ಶಾರ್ಪ್ಸ್ ಮಾದರಿಯ ಕೋವಿಯಲ್ಲೂ ರೂಗರ್ ನಂಬರ್ 1ರಲ್ಲೂ ಹೊಡೆದು ನೋಡಿದ ಮೇಲೆ ಬರೆದದ್ದು ಇದು.

ಮದ್ದಿನ ಮಾತಿಗೆ ಮೊದಲು ಅಳತೆ. ಬಹಳ ಮಂದಿ ಎಡವುವುದು ಇಲ್ಲೇ. ಮೆತ್ತನೆಯ ಸೀಸದ ಉಂಡೆಯೊಂದಕ್ಕೆ ಎಣ್ಣೆ ಸವರಿ, ಮರದ ಕೋಲಿನಿಂದ ನಳಿಗೆಯ ಉದ್ದಕ್ಕೂ ತಳ್ಳಿ ಹೊರತೆಗೆಯಿರಿ. ಅದರ ಅತಿ ದಪ್ಪ ಭಾಗವನ್ನು ಮೈಕ್ರೋಮೀಟರ್‌ನಲ್ಲಿ ಅಳೆಯಿರಿ. ಕ್ಯಾಲಿಪರ್ ಈ ಕೆಲಸಕ್ಕೆ ಸಾಲದು. 0.458 ಇಂಚು ಬಂದರೆ ಗುಂಡು 0.459 ಇರಬೇಕು. ಹಳೆಯ ಟ್ರ್ಯಾಪ್‌ಡೋರ್ ನಳಿಗೆಗಳು ಇದಕ್ಕಿಂತ ಅಗಲ ಇರುವುದುಂಟು, ಅವುಗಳಲ್ಲಿ ಮೂರೇ ಗ್ರೂವ್ (ನಳಿಗೆಯ ಒಳಗಿನ ಸುರುಳಿ ಗೀರು) ಇರುವುದರಿಂದ ನೇರ ಅಳತೆಯೂ ಸಿಗುವುದಿಲ್ಲ. ಗುಂಡು ಸಣ್ಣದಾದರೆ ಬಿಸಿ ಅನಿಲ ಪಕ್ಕದಿಂದ ನುಗ್ಗಿ ಸೀಸವನ್ನು ಕೊರೆದು ನಳಿಗೆಗೆ ಮೆತ್ತುತ್ತದೆ. ಸೀಸ ಎಲ್ಲಿ ಕಟ್ಟಿದೆ ಅಂತ ನೋಡಿದರೆ ಕಾರಣವೂ ತಿಳಿಯುತ್ತದೆ: ತೋಟಾ ಕೂರುವ ಜಾಗದ ಮುಂದೆಯೇ ಕಟ್ಟಿದ್ದರೆ ಗುಂಡು ಸಣ್ಣದು, ನಳಿಗೆಯ ತುದಿಯ ಕಡೆ ಕಟ್ಟಿದ್ದರೆ ಜಾರಲೆಂದು ಗುಂಡಿಗೆ ಹಚ್ಚಿದ ಮೇಣ ದಾರಿಯಲ್ಲೇ ಮುಗಿದಿದೆ.

ಮೊದಲನೆಯದು ಹಳೇ ಸೂತ್ರ. ಲೈಮನ್ ಕಂಪನಿಯ 457193 ಅಚ್ಚಿನ ಚಪ್ಪಟೆ ಮೂತಿಯ 405 ಗ್ರೇನ್ ಗುಂಡು, 20 ಪಾಲು ಸೀಸಕ್ಕೆ 1 ಪಾಲು ತವರ, ಕೆಳಗೆ ಎರಡು ಎಫ್ (ಕಾಳಿನ ಗಾತ್ರದ ಗುರುತು) ಕರಿಮದ್ದು. ಈ ಲೋಹದ ಗಡಸು ಬ್ರಿನೆಲ್ ಅಳತೆಯಲ್ಲಿ ಸುಮಾರು 10. ಮದ್ದು ಹೊತ್ತಿದ ಏಟಿಗೆ ಗುಂಡಿನ ಬುಡ ಕೊಂಚ ಉಬ್ಬಿ ನಳಿಗೆಯನ್ನು ತಾನೇ ಮುಚ್ಚಿಕೊಳ್ಳುತ್ತದೆ. ಈಗಿನ ದಪ್ಪ ಬುಡದ ಚಿಪ್ಪಿನಲ್ಲಿ 70 ಗ್ರೇನ್ ಸುಮ್ಮನೆ ಸುರಿದರೆ ಹಿಡಿಯುವುದಿಲ್ಲ. ಎರಡಡಿ ಉದ್ದದ ಕೊಳವೆಯ ಮೂಲಕ ನಿಧಾನವಾಗಿ ಬಿಟ್ಟರೆ ಮದ್ದು ಒತ್ತಾಗಿ ಕೂರುತ್ತದೆ. ಮೇಲೊಂದು ರಟ್ಟಿನ ಬಿಲ್ಲೆ ಇಟ್ಟು, ಅದಕ್ಕೆಂದೇ ಇರುವ ಡೈಯಲ್ಲಿ ಒತ್ತಿ, ಆಮೇಲೆ ಗುಂಡು. ಒತ್ತುವ ಕೆಲಸವನ್ನು ಗುಂಡಿನಿಂದಲೇ ಮಾಡಿಸಿದರೆ ಅದರ ಆಕಾರ ಕೆಡುತ್ತದೆ. ಕರಿಮದ್ದಿನ ಮೇಲೆ ಖಾಲಿ ಜಾಗ ಬಿಡಲೇಬಾರದು, ನಳಿಗೆಗೆ ಅಪಾಯ.

ಈ ತೋಟಾದ ತೊಂದರೆ ಕಿಟ್ಟ, ಅಂದರೆ ಮದ್ದು ಉರಿದ ಮೇಲೆ ನಳಿಗೆಯಲ್ಲಿ ಉಳಿಯುವ ಮಸಿ. ಪೆಟ್ರೋಲಿಯಂ ಸೇರಿದ ಮೇಣ ಹಚ್ಚಿದರೆ ಅದು ಡಾಂಬರಿನಂತೆ ಗಟ್ಟಿಯಾಗಿ ಮೂರನೇ ನಾಲ್ಕನೇ ಈಡಿಗೇ ಗುರಿ ಚೆದುರುತ್ತದೆ. ಜೇನುಮೇಣಕ್ಕೆ ಪ್ರಾಣಿಕೊಬ್ಬೋ ಆಲಿವ್ ಎಣ್ಣೆಯೋ ಬೆರೆಸಿದ್ದೇ ಸರಿ. ಗುರಿ ಅಭ್ಯಾಸದಲ್ಲಿ ಪ್ರತಿ ಈಡಿನ ನಂತರ ಒದ್ದೆ ಬಟ್ಟೆ ಎಳೆದರೆ ಹತ್ತನೆಯದೂ ಮೊದಲನೆಯದರ ಪಕ್ಕಕ್ಕೇ ಬೀಳುತ್ತದೆ. ಸಂಜೆಗೇ ಕೋವಿಯನ್ನು ಬಿಸಿನೀರಲ್ಲಿ ತೊಳೆದು ಒಣಗಿಸಿ ಎಣ್ಣೆ ಹಾಕಬೇಕು, ಚಿಪ್ಪುಗಳನ್ನು ಸೋಪುನೀರಿಗೆ ಹಾಕಬೇಕು. ನಾಳೆಗೆ ಬಿಟ್ಟರೆ ತುಕ್ಕು.

ಎರಡನೆಯದು ಅದೇ ಗುಂಡು, ಅದೇ ಲೋಹ, ಮದ್ದು ಮಾತ್ರ ಹೊಗೆರಹಿತ ಆಕ್ಯುರೇಟ್ 5744. ಈ ದೊಡ್ಡ ಚಿಪ್ಪಿನಲ್ಲಿ ಹೊಗೆರಹಿತ ಮದ್ದು ತಳದಲ್ಲಿ ಸ್ವಲ್ಪವೇ ಇರುತ್ತದೆ. ಕೋವಿ ಕೆಳಮುಖ ಇದ್ದಾಗ ಮದ್ದು ಮುಂದಕ್ಕೆ ಜಾರಿ, ಮೇಲ್ಮುಖ ಇದ್ದಾಗ ಕೇಪಿನ ಹತ್ತಿರ ಕೂತು, ವೇಗ ಏರುಪೇರಾಗುತ್ತದೆ. 5744ರಲ್ಲಿ ಈ ಕಾಟ ಕಡಿಮೆ. ಮದ್ದನ್ನು ತಳಕ್ಕೆ ಹಿಡಿದಿಡಲು ಹತ್ತಿಯನ್ನೋ ಬಿಲ್ಲೆಯನ್ನೋ ತುರುಕುವ ಅಭ್ಯಾಸ ಬೇಡ. ಒಂಟಿ ಈಡಿನ ಕೋವಿಗಳಲ್ಲಿ ಹಾಗೆ ಮಾಡಿ ನಳಿಗೆಯೊಳಗೆ ಉಂಗುರದಂತೆ ಉಬ್ಬಿದ ಉದಾಹರಣೆಗಳಿವೆ. ಎಷ್ಟು ಗ್ರೇನ್ ಅನ್ನುವುದನ್ನು ಮದ್ದಿನ ಕಂಪನಿಯ ಈಗಿನ ಪಟ್ಟಿಯಿಂದಲೇ ತೆಗೆದುಕೊಳ್ಳಿ, ಅದೂ ಹಳೇ ಕೋವಿಗಳಿಗೆಂದು ಕಡಿಮೆ ಒತ್ತಡಕ್ಕೆ ಬರೆದ ಟ್ರ್ಯಾಪ್‌ಡೋರ್ ವಿಭಾಗದಿಂದ, ಕೆಳಗಿನ ಅಂಕಿಯಿಂದ ಶುರುಮಾಡಿ. ಅರ್ಧರ್ಧ ಗ್ರೇನ್ ಏರಿಸುತ್ತ, ಪಟ್ಟಿಯ ಮೇಲಿನ ಅಂಕಿ ದಾಟದೆ, ಪ್ರತಿ ಹಂತಕ್ಕೂ ಐದು ಈಡು ಹೊಡೆಯಿರಿ. ಎರಡು ಸಲ ಸುರಿದರೂ ಈ ಚಿಪ್ಪು ತುಳುಕದೇ ಇರಬಹುದು. ಗುಂಡು ಕೂರಿಸುವ ಮೊದಲು ಟಾರ್ಚ್ ಹಿಡಿದು ಪ್ರತಿ ಚಿಪ್ಪಿನ ಒಳಗೂ ಇಣುಕಲೇಬೇಕು.

ಮೂರನೆಯದು ಗೌಲ್ಡ್ ಗುಂಡು, ಲೈಮನ್ 457122, 330 ಗ್ರೇನ್, ಮೂತಿಯಲ್ಲಿ ಟೊಳ್ಳು. ಹಗುರವಾದ್ದರಿಂದ ದಾರಿ ಕೊಂಚ ಚಪ್ಪಟೆ, ಭುಜಕ್ಕೆ ಒದೆತ ಕಡಿಮೆ, ಜಿಂಕೆ ನಿಂತಲ್ಲೇ ಬೀಳುವುದು ಹೆಚ್ಚು. ಲೋಹ ಮೆತ್ತಗಿರಬೇಕು, 20ಕ್ಕೆ 1 ಅಥವಾ 30ಕ್ಕೆ 1. ಗಡಸಾದರೆ ಟೊಳ್ಳಿನ ಅಂಚು ಅರಳುವ ಬದಲು ಒಡೆದು ಹೋಗುತ್ತದೆ. ಎರಕದ ಕೆಲಸ ಮಾತ್ರ ತಾಳ್ಮೆ ಬೇಡುತ್ತದೆ. ಟೊಳ್ಳು ಮೂಡಿಸುವ ನಡುವಿನ ಕಡ್ಡಿ ತಣ್ಣಗಾದರೆ ಮೂತಿಯಲ್ಲಿ ಸುಕ್ಕು ಬೀಳುತ್ತದೆ. ಅಚ್ಚು ಬಿಸಿಯೇರುವ ತನಕ ಬಂದ ಗುಂಡುಗಳನ್ನೆಲ್ಲ ತಿರುಗಿ ಪಾತ್ರೆಗೇ ಹಾಕಬೇಕು. ಮೈ ಮಂಜು ಹಿಡಿದಂತೆ ಬಿಳಿಚಿದ್ದರೆ ಅಚ್ಚು ಹೆಚ್ಚು ಬಿಸಿ ಅಂತ ಅರ್ಥ. ಅಂಚುಗಳು ತುಂಬಿಬಂದಿದ್ದರೆ ಅಂಥ ಗುಂಡಿನಲ್ಲಿ ದೋಷವಿಲ್ಲ. ಕರಗಿದ ಸೀಸದ ಹತ್ತಿರ ನೀರಿನ ಒಂದು ಹನಿಯೂ ಸುಳಿಯಬಾರದು. ಪಾತ್ರೆಯೊಳಗೆ ಬಿದ್ದರೆ ಆವಿಯಾಗಿ ಸೀಸವನ್ನೆಲ್ಲ ಮುಖಕ್ಕೆ ಎರಚುತ್ತದೆ.

ನಾಲ್ಕನೆಯದು ಗಡಸು ಲೋಹ, ಬುಡಕ್ಕೆ ಬಿಸಿ ಅನಿಲ ತಡೆಯುವ ತಾಮ್ರದ ಪುಟ್ಟ ಬಟ್ಟಲು (ಗ್ಯಾಸ್ ಚೆಕ್), ರೂಗರ್ ಮಟ್ಟದ ಜೋರು ಮದ್ದು. ವೇಗವೇನೋ ಬರುತ್ತದೆ. ಆದರೆ ಭುಜ ನೋಯುವಷ್ಟು ಒದೆತ ತಡೆದುಕೊಂಡು ಗಳಿಸಿದ್ದೇನು? 125 ಗಜದೊಳಗಿನ ಜಿಂಕೆಗೆ ಅಷ್ಟು ಜೋರು ಬೇಕಿಲ್ಲ. ಹಳೇ ಮುದ್ರಣಾಲಯಗಳ ಲೈನೋಟೈಪ್‌ನಂಥ ಲೋಹ, ಶೇ. 12ರಷ್ಟು ಆಂಟಿಮನಿ ಇರುವುದು, ಎಲುಬಿಗೆ ತಗುಲಿದರೆ ಚೂರಾಗಬಹುದು. ಎಲ್ಲಕ್ಕಿಂತ ದೊಡ್ಡ ಚಿಂತೆ ಬೇರೆ. ಟ್ರ್ಯಾಪ್‌ಡೋರ್, ಲಿವರ್ ಕೋವಿ, ರೂಗರ್ ಮೂರಕ್ಕೂ ತೋಟಾದ ಅಳತೆ ಒಂದೇ, ತಡೆಯುವ ಶಕ್ತಿ ಬೇರೆ ಬೇರೆ. ರೂಗರ್‌ಗೆ ತುಂಬಿದ್ದನ್ನು ಯಾರೋ ಹಳೇ ಟ್ರ್ಯಾಪ್‌ಡೋರ್‌ಗೆ ಹಾಕಿದರೆ ಕೋವಿ ಸಿಡಿಯಬಹುದು. ಮನೆಯಲ್ಲಿ ಎರಡೂ ಕೋವಿ ಇದ್ದರೆ ಈ ಬಗೆಯ ತೋಟಾ ತುಂಬಲೇಬೇಡಿ.

ಗುಂಡು ಕೂರಿಸುವ ಆಳದಲ್ಲಿ ಒಂಟಿ ಈಡಿನ ಕೋವಿಗೆ ಸ್ವಾತಂತ್ರ್ಯ ಹೆಚ್ಚು. ಮ್ಯಾಗಜಿನ್ ಇಲ್ಲ, ಹಾಗಾಗಿ ಚಿಪ್ಪಿನ ಬಾಯಿಯನ್ನು ಗುಂಡಿಗೆ ಬಲವಾಗಿ ಒತ್ತುವುದು (ಕ್ರಿಂಪ್) ಬೇಡ, ತೋಟಾ ಇಷ್ಟೇ ಉದ್ದ ಇರಬೇಕೆಂಬ ಕಟ್ಟೂ ಇಲ್ಲ. ಗುರಿ ಸ್ಪರ್ಧೆಗೆ ಗುಂಡನ್ನು ನಳಿಗೆಯ ಸುರುಳಿ ಗೀರುಗಳಿಗೆ, ಅಂದರೆ ರೈಫ್ಲಿಂಗ್‌ಗೆ, ತಾಗುವಷ್ಟು ಹೊರಗೆ ಬಿಡುತ್ತಾರೆ, ಗುರಿಯೂ ಬಿಗಿಯಾಗುತ್ತದೆ. ಬೇಟೆಗೆ ಇದು ಕೂಡದು. ಸಂಜೆ ಈಡು ಹೊಡೆಯದೆ ತೋಟಾ ಹೊರತೆಗೆಯುವಾಗ ಗುಂಡು ನಳಿಗೆಯಲ್ಲೇ ಕಚ್ಚಿಕೊಂಡು ಬರೀ ಚಿಪ್ಪು ಕೈಗೆ ಬರುತ್ತದೆ, ಮದ್ದೆಲ್ಲ ಕೋವಿಯ ಸಂದಿಗೆ ಚೆಲ್ಲುತ್ತದೆ. ರೈಫ್ಲಿಂಗ್ ಮುಟ್ಟದಷ್ಟು, ಕೂದಲೆಳೆಯ ಅಂತರಕ್ಕಿಂತ ಕೊಂಚ ಹೆಚ್ಚು, ಹಿಂದಕ್ಕೆ ಕೂರಿಸಿ. ಚಿಪ್ಪಿನ ಬಾಯಿ ಅಗಲಿಸುವ ಡೈ ತಾಮ್ರದ ಕವಚದ (ಜಾಕೆಟ್) ಗುಂಡಿನ ಅಳತೆಯದ್ದಾಗಿದ್ದರೆ ಬದಲಿಸಿ. ಇಲ್ಲದಿದ್ದರೆ ಅಷ್ಟು ಜತನದಿಂದ 0.459ಕ್ಕೆ ತಂದ ಗುಂಡನ್ನು ಚಿಪ್ಪೇ ಹಿಂಡಿ ಸಣ್ಣದು ಮಾಡುತ್ತದೆ.

ಕಾಡಿಗೆ ಒಯ್ಯುವುದು ಎರಡನೆಯದನ್ನೇ. ಸೆಕೆಂಡಿಗೆ ಸುಮಾರು 1,300 ಅಡಿ ವೇಗದ 405 ಗ್ರೇನ್ ಗುಂಡು ಜಿಂಕೆಯ ಎರಡೂ ಪಕ್ಕ ದಾಟಿ ಹೋಗುತ್ತದೆ, ಮಾಂಸವೂ ಹೆಚ್ಚು ಹಾಳಾಗುವುದಿಲ್ಲ. 100 ಗಜಕ್ಕೆ ಗುರಿ ಕಟ್ಟಿದರೆ 200 ಗಜದಲ್ಲಿ ಎರಡು ಅಡಿಯ ಆಸುಪಾಸು ಕೆಳಗಿಳಿಯುತ್ತದೆ, ಅಷ್ಟು ದೂರಕ್ಕೆ ಹೊಡೆಯಬಾರದು. ಶಾರ್ಪ್ಸ್ ಇದ್ದು, ತೊಳೆಯುವ ಬೇಸರ ಇಲ್ಲದವರಿಗೆ ಮೊದಲನೆಯದು ಅಷ್ಟೇ ಒಳ್ಳೆಯದು. ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮವರಿಗೆ ಮಾತ್ರ ಈ ನಾಲ್ಕೂ ಒದಗುವುದಿಲ್ಲ: 2019ರ ಜುಲೈ 1ರಿಂದ ಆ ರಾಜ್ಯದಲ್ಲಿ ಬೇಟೆಗೆ ಸೀಸದ ಗುಂಡು ಬಳಸುವುದು ನಿಷಿದ್ಧ, ಅಲ್ಲಿ ತಾಮ್ರದ ಗುಂಡೇ ಗತಿ.